ಇಪ್ಪತ್ತಮೂರು ಚುಕ್ಕೆಗಳ ಹಿತ್ತಾಳೆ ಪಾತ್ರೆ

ಖಾಲಿ ಪಾತ್ರೆ ವಾಪಸ್ ಕೊಡಬಾರದು ಎಂದು ನಮ್ಮ ಹುಬ್ಬಳ್ಳಿಯ ಮನೆಯಲ್ಲಿ ಕಲಿಸಿದ್ದರು. ಪಕ್ಕದ ಮನೆಯಿಂದ ಬಟ್ಟಲಲ್ಲಿ ಪಲ್ಯ ಬಂದರೆ, ಆ ಬಟ್ಟಲು ತಿರುಗಿ ಹೋಗುವಾಗ ಒಳಗೆ ಏನಾದರೂ ಇರಲೇಬೇಕು. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆ. ಮತ್ತು ಬಂದದ್ದಕ್ಕಿಂತ ಬೆಳ್ಳಗಾಗಿ ಹೋಗಬೇಕು. ಈ ಎರಡನೆಯ ನಿಯಮ ಅವ್ವನದೇ. ಅವಳು ತಿಕ್ಕಿ ಕಳಿಸಿದ ಪಾತ್ರೆ ನಮ್ಮದೇ ಹೌದೋ ಅಲ್ಲವೋ ಎಂದು ಓಣಿಯವರು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ಈ ಎರಡೂ ನಿಯಮಗಳನ್ನು ನಾನು ಟೆಕ್ಸಸ್‌ವರೆಗೆ ತಂದೆ. ಮೊದಲನೆಯದರಿಂದ ನನಗೊಬ್ಬ ಅಜ್ಜ ಸಿಕ್ಕರು. ಎರಡನೆಯದರಿಂದ ಅವರ ಯುದ್ಧವನ್ನೇ ತಿಕ್ಕಿ ಒರೆಸಿಬಿಟ್ಟೆ.

ಎರಡು ಸಾವಿರದ ಹನ್ನೆರಡರ ಮಾತು. ನಾವು ಆಗ ಡಲ್ಲಾಸ್‌ನ ಫಾರ್ಮರ್ಸ್ ಬ್ರಾಂಚ್‌ನಲ್ಲಿದ್ದೆವು. ಒಂದೇ ಸೂರಿನ ಕೆಳಗೆ ಎರಡು ಮನೆ, ನಡುವೆ ಒಂದು ಗೋಡೆ, ಹಿಂದೆ ಇಬ್ಬರಿಗೂ ಸೇರಿದ ಒಂದು ಹಿತ್ತಲು. ನನ್ನ ಗಂಡ ಮೈಸೂರಿನವನು. ಎಲ್‌ಬಿಜೆ ಫ್ರೀವೇ ಪಕ್ಕದ ಒಂದು ಆಫೀಸಿಗೆ ಹೋಗುತ್ತಿದ್ದ. ಆ ರಸ್ತೆಯನ್ನು ಆಗ ಅಗೆದೂ ಅಗೆದೂ ಹಾಕಿದ್ದರು. ಹತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ. ನನ್ನ ವೀಸಾದಲ್ಲಿ ನಾನು ಕೆಲಸ ಮಾಡುವಂತಿರಲಿಲ್ಲ. ಊರಲ್ಲಿ ಹೈಸ್ಕೂಲಿನ ಮಕ್ಕಳಿಗೆ ಕನ್ನಡ ಪಾಠ ಹೇಳಿ ಬಂದವಳು ಇಲ್ಲಿ ದಿನಕ್ಕೆ ಮೂರು ಸಲ ಅಡುಗೆಕಟ್ಟೆ ಒರೆಸುತ್ತಿದ್ದೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಅದರ ಜೊತೆ ಇನ್ನೊಂದು ತಾಪತ್ರಯ: ಸಿಟ್ಟು ಬಂದರೂ ಅಳು ಬಂದರೂ ನನಗೆ ಇಂಗ್ಲಿಷ್ ಕೈಕೊಡುತ್ತದೆ. ಡ್ರೈವಿಂಗ್ ಟೆಸ್ಟಿನಲ್ಲಿ ಮೊದಲ ಸಲ ಫೇಲ್ ಆದಾಗ ಆ ಅಧಿಕಾರಿಗೆ ಅಚ್ಚ ಹುಬ್ಬಳ್ಳಿ ಮಾತಿನಲ್ಲಿ ಬೈದು ಬಂದಿದ್ದೆ. ಆತ ಟೋಪಿ ಮುಟ್ಟಿ, "ಥ್ಯಾಂಕ್ ಯೂ, ಮ್ಯಾಮ್" ಎಂದಿದ್ದ.

ಗೋಡೆಯ ಆಚೆ ಇದ್ದವರು ಎಂಬತ್ತೆಂಟು ವರ್ಷದ ಒಬ್ಬ ಅಮೆರಿಕನ್ ಅಜ್ಜ. ಒಂಟಿ ಜೀವ. ಕಣ್ಣಿನ ನಡುಭಾಗದ ದೃಷ್ಟಿ ಪೂರ್ತಿ ಹೋಗಿತ್ತು. ಅಂಚಿನಿಂದ ಬೆಳಕು, ಬಣ್ಣ, ಒಂದಿಷ್ಟು ಚಲನೆ ಕಾಣುತ್ತಿತ್ತು. ಹಾಗಾಗಿ ನನ್ನ ಜೊತೆ ಮಾತಾಡುವಾಗ ಕೋಳಿಯ ಹಾಗೆ ಮುಖ ಓರೆ ಮಾಡಿ ನೋಡುತ್ತಿದ್ದರು. ಆದರೂ ಹಿತ್ತಲಿನ ಪೆಕಾನ್ ಮರದ, ಅಕ್ರೋಟಿನಂಥ ಕಾಯಿಗಳನ್ನು ಕೈತಡವಿ ಆರಿಸಿ, ಸುಲಿದು, ಕಾಫಿ ಮಾಡಿಕೊಂಡು, ತಮ್ಮ ಅಡುಗೆ ತಾವೇ ಮಾಡಿಕೊಳ್ಳುತ್ತಿದ್ದರು. ಒಗ್ಗರಣೆಯ ವಾಸನೆ ಗೋಡೆ ದಾಟಿತ್ತೆಂದು ಕಾಣುತ್ತದೆ, ಒಂದು ದಿನ ಬಾಗಿಲು ತಟ್ಟಿ, "ನೀನು ಈಗ ಸಿಡಿಸಿದ್ದು ಏನು?" ಎಂದು ಕೇಳಿದರು. ಸಾಸಿವೆ ಎಂದೆ. ನಾನು ಅವರನ್ನು ಅಂಕಲ್ ಎಂದೆ. ಅಷ್ಟು ವಯಸ್ಸಾದ ಮೇಲೆ ಹೊಸದಾಗಿ ಅಂಕಲ್ ಆದದ್ದಕ್ಕೆ ಅವರಿಗೆ ಬಹಳ ಖುಷಿಯಾಯಿತು.

ಅವರ ಮಾತನ್ನೆಲ್ಲ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಮರುದಿನ ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಕೊಟ್ಟೆ. ಡಬ್ಬಿ ತೊಳೆದು ಖಾಲಿ ಬಂತು. ನಮ್ಮಲ್ಲಿ ಹೀಗೆ ಮಾಡುವುದಿಲ್ಲ ಅಂಕಲ್ ಎಂದು ನಗುತ್ತ ನಿಯಮ ಹೇಳಿದೆ. ಅವರು ನಗಲಿಲ್ಲ. ಖಾಲಿ ಡಬ್ಬಿಯ ಅಂಚು ತಡವುತ್ತ, "ಒಳ್ಳೆಯ ನಿಯಮ. ನನಗೆ ಯಾರೂ ಮೊದಲೇ ಹೇಳಿರಲಿಲ್ಲ" ಎಂದರು. ಅಂದಿನಿಂದ ಡಬ್ಬಿ ಎಂದೂ ಖಾಲಿ ಬರಲಿಲ್ಲ. ಹೋಳಿಗೆ ಹೋದರೆ ಪೆಕಾನ್ ಬಂತು, ಚಟ್ನಿಪುಡಿ ಹೋದರೆ ಜೋಳದ ರೊಟ್ಟಿಯಂಥ ಅವರ ಮೆಕ್ಕೆಜೋಳದ ಬ್ರೆಡ್ ಬಂತು. ಆ ಒಂದು ವರ್ಷ ಡಬ್ಬಿಯ ಓಡಾಟದಲ್ಲೇ ಕಳೆಯಿತು. ಈಗ ಲೆಕ್ಕ ಹಾಕಿದರೆ ನನಗೆ ಅಮೆರಿಕದಲ್ಲಿ ಅಷ್ಟು ಒಳ್ಳೆಯ ವರ್ಷ ಮತ್ತೆ ಬಂದಿಲ್ಲ.

ಹಿತ್ತಲಲ್ಲಿ ಕೂತು ಅವರು ತಮ್ಮ ಕಥೆ ತುಣುಕು ತುಣುಕಾಗಿ ಹೇಳಿದ್ದರು. ಎರಡನೆಯ ಮಹಾಯುದ್ಧದಲ್ಲಿ, ಹದಿನೆಂಟು ವರ್ಷಕ್ಕೆ, ನೌಕಾಪಡೆಯ ಒಂದು ರಕ್ಷಣಾ ಟಗ್ ಹಡಗಿನಲ್ಲಿ ಅಡುಗೆಯವರಾಗಿದ್ದರಂತೆ. ಪೆಟ್ಟು ತಿಂದ ದೊಡ್ಡ ಹಡಗುಗಳ ಬೆಂಕಿ ಆರಿಸಿ, ನೀರು ಹೊರಹಾಕಿ, ಹಗ್ಗ ಕಟ್ಟಿ ಬಂದರಿಗೆ ಎಳೆದು ತರುವುದು ಆ ಸಣ್ಣ ಹಡಗಿನ ಕೆಲಸ. ಅದರ ಮೈ ಮರದ್ದು. ಅದಕ್ಕೆ ಹೆಸರೂ ಇರಲಿಲ್ಲ, ಬರೀ ನಂಬರು. "ಹೆಸರೆಲ್ಲ ನಾವು ಎಳೆದು ತಂದವರಿಗೆ ಇತ್ತು" ಎನ್ನುತ್ತಿದ್ದರು. ನನ್ನ ಗಂಡ ಇದನ್ನು ಕೇಳಿ, "ಅಂದ್ರೆ ಕೆಟ್ಟ ಕಾರ್ ಎಳೆಯೋ ಟೋ ಟ್ರಕ್, ಸಮುದ್ರದ್ದು ಅಷ್ಟೇ" ಎಂದ. ನಾನು ಕಣ್ಣು ಬಿಟ್ಟೆ. ಅಜ್ಜನಿಗೆ ಹೇಳಿದಾಗ ಅವರು ಮಾತ್ರ, "ನಿನ್ನ ಗಂಡ ಬುದ್ಧಿವಂತ, ನೌಕಾಪಡೆಗೆ ಅದು ಅರ್ಥವಾಗಲು ಒಂದು ವರ್ಷ ಬೇಕಾಯಿತು" ಎಂದರು.

ದೀಪಾವಳಿಯ ಹೊತ್ತಿಗೆ ಪೆಕಾನ್ ಸುಗ್ಗಿ. ಆ ಸಲ ಪೆಕಾನ್ ಬಂದದ್ದು ನನ್ನ ಡಬ್ಬಿಯಲ್ಲಲ್ಲ, ಒಂದು ಹಿತ್ತಾಳೆ ಪಾತ್ರೆಯಲ್ಲಿ. ಒಂದು ಸೇರು ಅಕ್ಕಿ ಹಿಡಿಸುವಷ್ಟಿತ್ತು. ತೋಪಿನ ಗುಂಡಿನ ಖಾಲಿ ಕವಚವನ್ನು ಕತ್ತರಿಸಿ ಮಾಡಿದ್ದು ಎಂದು ಆಮೇಲೆ ತಿಳಿಯಿತು. "ಹಬ್ಬಕ್ಕೆ ನನ್ನ ಹತ್ತಿರ ಇರುವ ಒಳ್ಳೆಯ ಪಾತ್ರೆಯಲ್ಲೇ ಕೊಡಬೇಕಲ್ಲ" ಎಂದರು. ನಾನು ಅದನ್ನು ನೋಡಿ ಮನಸ್ಸಿನಲ್ಲೇ ಅಯ್ಯೋ ಎಂದುಕೊಂಡೆ. ಮಸಿ ಬಳಿದ ಹಾಗೆ ಕಪ್ಪಾಗಿತ್ತು. ಹೊರಮೈ ತುಂಬ ಯಾವುದೋ ಕೆಂಪು ಬಣ್ಣ ಗಂಟು ಗಂಟಾಗಿ ಒಣಗಿ ಕೂತಿತ್ತು. ಕಣ್ಣು ಕಾಣದ ಮುದುಕ, ನೋಡುವವರಿಲ್ಲ, ಪಾಪ.

ಹಬ್ಬಕ್ಕೆ ದೀಪಗಳನ್ನು ತಿಕ್ಕುವುದು ಇದ್ದೇ ಇತ್ತು. ಅದರ ಜೊತೆ ಇದನ್ನೂ ಹುಣಸೆಹಣ್ಣು, ಉಪ್ಪು ಹಾಕಿ ಕುದಿಸಿದೆ. ಬಣ್ಣದ ಗಂಟುಗಳು ಸುಲಭಕ್ಕೆ ಬಿಡಲಿಲ್ಲ. ಚಾಕುವಿನ ಬೆನ್ನಿನಿಂದ ಕೆರೆದೆ, ತಂತಿಯ ಉಂಡೆಯಿಂದ ಉಜ್ಜಿದೆ. ಚುಕ್ಕಿ ರಂಗೋಲಿ ಹಾಕಿ ಬೆಳೆದ ಕಣ್ಣು ನನ್ನದು. ಆ ಗಂಟುಗಳು ಮೇಲಿನ ಸಾಲಲ್ಲಿ ಐದು, ಆಮೇಲೆ ಏಳು, ಏಳು, ಕೊನೆಗೆ ನಾಲ್ಕು ಇರುವುದನ್ನು ಅದು ತಾನಾಗಿಯೇ ಎಣಿಸಿತು. ಕೊನೆಯ ಸಾಲು ಕೆಟ್ಟಿದೆ ಎಂದು ಬೈದುಕೊಂಡೂ ಇದ್ದೆ. ಅಷ್ಟು ಕಂಡವಳಿಗೆ ಇದು ಯಾರೋ ಬೇಕೆಂದೇ ಇಟ್ಟದ್ದು ಎಂದು ಹೊಳೆಯಬೇಡವೇ? ಹೊಳೆಯಲಿಲ್ಲ. ಎರಡು ಗಂಟೆ ಮೈಬಗ್ಗಿಸಿ ತಿಕ್ಕಿದ ಮೇಲೆ ಪಾತ್ರೆ ಚಿನ್ನದ ಹಾಗೆ ಹೊಳೆಯಿತು. ಅದರ ತುಂಬ ಶೇಂಗಾ ಉಂಡಿ ಹಾಕಿ, ಹೆಮ್ಮೆಯಿಂದ ಒಯ್ದು ಅವರ ಕೈಗಿಟ್ಟೆ.

ಅವರು ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದರು. ನಗುತ್ತಿದ್ದ ಮುಖ. ಬೆರಳು ಹೊರಮೈ ಮೇಲೆ ಒಂದು ಸುತ್ತು ಹೋಯಿತು. ಇನ್ನೊಂದು ಸುತ್ತು ಹೋಯಿತು. ಆಮೇಲೆ ಬೇಗ ಬೇಗ, ಏನೋ ಕಳೆದುಕೊಂಡವರ ಹಾಗೆ, ಮೇಲೆ ಕೆಳಗೆ ತಡವತೊಡಗಿದರು. ಕೊನೆಗೆ ಕುರ್ಚಿಯಲ್ಲಿ ಕೂತು, ಬಹಳ ಮೆಲ್ಲಗೆ, "ಅವುಗಳನ್ನು ತೆಗೆದುಬಿಟ್ಟೆಯಾ?" ಎಂದರು.

ಆಗ ಗೊತ್ತಾಯಿತು. ಅವರ ಟಗ್ ಎಳೆದ ಒಂದೊಂದು ಎಳೆತಕ್ಕೂ ಒಂದೊಂದು ಚುಕ್ಕೆ, ಹಡಗಿನ ತಳಕ್ಕೆ ಬಳಿಯುವ ಕೆಂಪು ಬಣ್ಣದ್ದು. ಅಡುಗೆಮನೆಯ ಸಕ್ಕರೆ ಪಾತ್ರೆಯಾಗಿತ್ತು ಅದು; ನೀರಿನಿಂದ ಎತ್ತಿದ ಪ್ರತಿಯೊಬ್ಬನ ಕಾಫಿಗೂ ಅದರಿಂದಲೇ ಎರಡು ಚಮಚ. ಯುದ್ಧ ಮುಗಿದ ಮೇಲೆ ಆ ಹಡಗಿನವರು ಪ್ರತಿ ವರ್ಷ ಡಿಸೆಂಬರ್‌ನ ಮೊದಲ ಶನಿವಾರ ಹ್ಯೂಸ್ಟನ್ನಿನಲ್ಲಿ ಸೇರುತ್ತಿದ್ದರಂತೆ. ಅಡುಗೆಯವರು ಚುಕ್ಕೆಯ ಮೇಲೆ ಬೆರಳಿಟ್ಟು ಒಂದೊಂದೇ ಹಡಗಿನ ಕಥೆ ಹೇಳಬೇಕು, ಉಳಿದವರು ಕೇಳಬೇಕು. ಕಣ್ಣು ಹೋದ ಮೇಲೂ ಅಜ್ಜ ಬೆರಳಿನಿಂದಲೇ ಓದುತ್ತಿದ್ದರು. ಇಪ್ಪತ್ತಮೂರು ಚುಕ್ಕೆ. ಬರಬರುತ್ತ ಕೇಳುವವರು ಕಡಿಮೆಯಾಗಿ ಈಗ ಒಬ್ಬರೇ ಉಳಿದಿದ್ದರು: ಹಗ್ಗದ ಕೆಲಸದ ಮುಖ್ಯಸ್ಥ. ನಮ್ಮ ಕಡೆ ಹೇಳುವ ಹಾಗೆ ಹಗ್ಗದ ಮೇಸ್ತ್ರಿ ಎನ್ನೋಣ. ಹದಿನೈದು ದಿನದ ಹಿಂದೆ ಅವರಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತಿತ್ತು. ಮುಂದಿನ ವರ್ಷದ ಡಿಸೆಂಬರ್ ಅವರಿಗಿಲ್ಲ ಎಂದು ಮೇಸ್ತ್ರಿಯ ಮಗಳು ಫೋನ್ ಮಾಡಿದ್ದಳು. "ಈ ಸಲ ಕಡೆಯದು. ಎಲ್ಲವನ್ನೂ ಸರಿಯಾಗಿ ಹೇಳಬೇಕು ಅಂದುಕೊಂಡಿದ್ದೆ. ಚುಕ್ಕೆ ಇಲ್ಲದೆ ನನಗೆ ಬರುವುದಿಲ್ಲ" ಎಂದರು ಅಜ್ಜ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಕ್ಷಮೆ ಕೇಳಬೇಕು, ಇಂಗ್ಲಿಷ್ ಬರಲೊಲ್ಲದು. ಏನೋ ತೊದಲಿ ಮನೆಗೆ ಓಡಿಬಂದು ಅವ್ವನಿಗೆ ಫೋನ್ ಮಾಡಿದೆ.

"ಏನ್ ಮಾಡಿದಿವಾ ನೀ? ಕೇಳದ ತಿಕ್ಕಿದಿ?"

"ನೀನ ಕಲಿಸಿದ್ದಲ್ಲಾ ಮತ್ತ!"

"ನಾ ಹೊಲಸು ತಿಕ್ಕು ಅಂತ ಹೇಳೇನಿ, ನೆನಪು ತಿಕ್ಕು ಅಂದೇನು? ಅಳಬ್ಯಾಡ. ಹೋಗಿ ಕುಂದ್ರು ಅವರ ಹತ್ರ. ಅಡಿಗಿಯವ್ರು ಅದಾರ ಅಂದಿ. ಅಡಿಗಿ ಮಾಡಿದವ್ರಿಗೆ ಯಾವ ದಿನ ಏನ್ ಮಾಡಿದ್ದು ಅಂತ ಮರಿಯೂದಿಲ್ಲ. ಅದನ್ನ ಕೇಳು."

ಅವ್ವ ಹೇಳಿದ್ದು ಕೇಳದೆ ಕೆಟ್ಟವರುಂಟು, ಕೇಳಿ ಕೆಟ್ಟವರಿಲ್ಲ. ಮರುದಿನ ಬೆಳಿಗ್ಗೆ ನೂರು ಪುಟದ ಒಂದು ನೋಟ್‌ಬುಕ್, ಪೆನ್ನು, ನನ್ನ ಮರೂನ್ ಬಣ್ಣದ ನೇಲ್ ಪಾಲಿಶ್ ಸೀಸೆ ಹಿಡಿದು ಅವರ ಬಾಗಿಲು ತಟ್ಟಿದೆ. ಅವರು ಬಾಗಿಲು ತೆರೆದರು, ಆದರೆ ಒಳಗೆ ಕರೆಯಲಿಲ್ಲ. ನಾನೇ ಹೋಗಿ ಕೂತೆ.

"ಅಂಕಲ್, ಮೊದಲನೆಯ ಹಡಗು ಎಳೆದ ದಿನ ಏನು ಅಡುಗೆ ಮಾಡಿದ್ದಿರಿ?"

ಅವರು ಮುಖ ಓರೆ ಮಾಡಿ ನನ್ನನ್ನು ನೋಡಿದರು. "ಹುರುಳಿಕಾಯಿಯ ಒಣಬೀಜ" ಎಂದರು. "ಬೇಯಿಸಲು ನಾಲ್ಕು ಗಂಟೆ ಬೇಕು. ಎರಡೇ ಗಂಟೆ ಸಿಕ್ಕಿತು. ಅದು ಅರ್ಧ ಹಡಗು."

ಅರ್ಧ ಹಡಗು! ಸರಕಿನ ಹಡಗೊಂದು ನಡುವೆ ಮುರಿದು, ಮುಂದಿನರ್ಧ ಮುಳುಗಿ, ಹಿಂದಿನರ್ಧ ತೇಲುತ್ತಿತ್ತಂತೆ. ಅಡುಗೆಮನೆ ಮುಂದಿನರ್ಧದಲ್ಲಿತ್ತು, ಹಿಂದೆ ಉಳಿದವರು ಎರಡು ದಿನ ಉಪವಾಸ. ಬೇಯದ ಕಾಳನ್ನು ಅವರು ಕಲ್ಲುಸಕ್ಕರೆಯ ಹಾಗೆ ಕಡಿದು ತಿಂದರಂತೆ. ನಾನು ಬರೆದುಕೊಂಡೆ. ಇಂಗ್ಲಿಷಿನಲ್ಲಿ ಬರೆದರೆ ಅವರ ಮಾತಿನ ಹಿಂದೆ ಬೀಳುತ್ತಿದ್ದೆ, ಅದಕ್ಕೇ ಕೇಳಿದ್ದನ್ನು ಕಿವಿಯಿಂದ ಕೈಗೆ ಇಳಿಯುವಷ್ಟರಲ್ಲಿ ಕನ್ನಡ ಮಾಡಿ ಬರೆದೆ. ಬರೆದು ಮುಗಿಸಿ, ಮೇಲಿನ ಸಾಲಿನ ಮೊದಲ ಜಾಗದಲ್ಲಿ ನೇಲ್ ಪಾಲಿಶ್‌ನ ದಪ್ಪ ಚುಕ್ಕೆ ಇಟ್ಟು, ಒಣಗಿದ ಮೇಲೆ ಅವರ ಬೆರಳನ್ನು ಹಿಡಿದು ಅಲ್ಲಿ ಇಟ್ಟೆ. ಅವರು ಬೆರಳನ್ನು ತೆಗೆಯಲೇ ಇಲ್ಲ. ಕಾಫಿ ಆರಿಹೋಯಿತು.

ಆ ಮೂರು ವಾರ ನಮ್ಮ ಮನೆಯಲ್ಲಿ ಅನ್ನ ಸಾರು ಬಿಟ್ಟು ಬೇರೆ ಅಡುಗೆ ಆಗಲಿಲ್ಲ. ನನ್ನ ಗಂಡ, "ಅಲ್ಲಿ ಯುದ್ಧದಲ್ಲಿ ಏನೇನ್ ತಿಂದ್ರು ಅಂತ ಬರ್ಕೋತೀಯ, ಇಲ್ಲಿ ನಾನ್ ಏನ್ ತಿಂದೆ ಅಂತ ಕೇಳಲ್ಲ" ಎಂದು ಗೊಣಗುತ್ತಿದ್ದ. ಆದರೆ ಸಂಜೆ ಬಂದ ಕೂಡಲೇ ಅವನ ಮೊದಲ ಪ್ರಶ್ನೆ, "ಎಷ್ಟಾಯ್ತು?" ಹತ್ತು ಆಯಿತು, ಹದಿನಾಲ್ಕು ಆಯಿತು. ಎಣ್ಣೆ ಹಡಗಿನ ಬೆಂಕಿ ಆರಿಸಿದ ಮೇಲೆ ಒಂದು ವಾರ ಅಜ್ಜ ಸುಟ್ಟ ಬ್ರೆಡ್ಡಿಗೆಲ್ಲ ಡೀಸೆಲ್ ವಾಸನೆ. ಸೈನಿಕರನ್ನು ದಡಕ್ಕಿಳಿಸುವ ಹಡಗೊಂದನ್ನು ಎಳೆದು ತಂದಾಗ, ಅದರ ಅಡುಗೆಯವನು ಋಣ ತೀರಿಸಲು ಎರಡು ಮೂಟೆ ಈರುಳ್ಳಿ ದಾಟಿಸಿದ್ದ. ನಾಲ್ಕು ದಿನ ಮೂರು ಹೊತ್ತೂ ಈರುಳ್ಳಿ. ಹಡಗು ರಿಪೇರಿಗೆಂದು ಮಾಡಿದ, ತೇಲುವ ಒಂದು ದೊಡ್ಡ ಕಟ್ಟೆಯನ್ನು ಎತ್ತಿನ ಗಾಡಿಯ ವೇಗದಲ್ಲಿ ತಿಂಗಳಿಗೂ ಮೇಲೆ ಎಳೆದರು. ಹಡಗಿನ ಆಲೂಗಡ್ಡೆಗಳೆಲ್ಲ ಮೊಳಕೆಯೊಡೆದು, ಒಬ್ಬ ಒಂದನ್ನು ಡಬ್ಬಿಯಲ್ಲಿ ನೆಟ್ಟು ಗಿಡ ಬೆಳೆಸಿದ್ದ. ಒಂದೆರಡು ಹಡಗುಗಳು ಹಗ್ಗದ ತುದಿಯಲ್ಲೇ ಮುಳುಗಿದವು. ಅವಕ್ಕೂ ಚುಕ್ಕೆ ಉಂಟು. ಎಳೆದದ್ದಂತೂ ನಿಜ ತಾನೇ ಎಂದರು ಅಜ್ಜ.

ಇಪ್ಪತ್ತೆರಡಕ್ಕೆ ಬಂದು ನಿಂತಿತು. ಕೊನೆಯ ಸಾಲಿನಲ್ಲಿ ಮೂರು ಚುಕ್ಕೆ ಬಿದ್ದವು, ನಾಲ್ಕನೆಯದು ಬರಲಿಲ್ಲ. ಏನು ಅಡುಗೆ ಮಾಡಿದಿರಿ, ಸೂಪೇ, ಮೀನೇ, ಕಾಳೇ? ಏನು ಕೇಳಿದರೂ ತಲೆಯಾಡಿಸುವರು. "ಅಲ್ಲಿಗೆ ಬಂದಾಗ ನನ್ನ ಬೆರಳು ನಿಲ್ಲುತ್ತಿತ್ತು, ಅಷ್ಟು ನೆನಪಿದೆ. ಆಮೇಲೆ ಊಟ ತರಿಸುತ್ತಿದ್ದೆವು." ಹ್ಯೂಸ್ಟನ್ನಿಗೆ ಹೋಗುವ ಹಿಂದಿನ ದಿನವೂ ಆ ಜಾಗ ಖಾಲಿಯೇ ಇತ್ತು.

ಡ್ರೈವ್ ಮಾಡುವವಳು ನಾನೇ. ಲೈಸೆನ್ಸ್ ಬಂದು ಆರು ತಿಂಗಳು, ಒಂಟಿಯಾಗಿ ಅಷ್ಟು ದೂರ ಹೋದದ್ದಿಲ್ಲ. ಗಂಡನಿಗೆ ಆ ವಾರಾಂತ್ಯ ಆಫೀಸಿನಲ್ಲಿ ಹೊಸ ಸಾಫ್ಟ್‌ವೇರ್ ರಿಲೀಸ್. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಎಂದುಕೊಂಡು, ನಮ್ಮ ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಅಜ್ಜನನ್ನು ಕೂರಿಸಿ, ಅವರ ತೊಡೆಯ ಮೇಲೆ ಪಾತ್ರೆ ಇಟ್ಟು, ಬೆಳಿಗ್ಗೆ ಏಳಕ್ಕೆ ಹೊರಟೆ. ಪಾತ್ರೆಯೊಳಗೆ ಶೇಂಗಾ ಉಂಡಿ. ಕೋರ್ಸಿಕಾನಾ ದಾಟಿ ಒಂದರ್ಧ ಗಂಟೆಗೆ ಬಾನೆಟ್ಟಿನಿಂದ ಇಡ್ಲಿ ಪಾತ್ರೆಯ ಹಾಗೆ ಹಬೆ ಏಳತೊಡಗಿತು. ರಸ್ತೆಯಂಚಿಗೆ ನಿಲ್ಲಿಸಿ ಗಂಡನಿಗೆ ಫೋನ್ ಮಾಡಿದೆ.

"ಕೂಲೆಂಟ್ ಚೆಕ್ ಮಾಡ್ಸು ಅಂತ ಹೇಳಿದ್ನಲ್ವಾ ನಾನು? ಸರಿ ಬಿಡು, ಅಳ್ಬೇಡ. ಟೋ ಟ್ರಕ್ ಕಳಿಸ್ತೀನಿ, ಅಲ್ಲೇ ಇರು."

ಟ್ರಕ್ ಬಂತು. ನಮ್ಮ ಕಾರಿನ ಮುಂದಿನ ಗಾಲಿಗಳನ್ನು ಎತ್ತಿ ಸರಪಳಿ ಬಿಗಿಯುವಾಗ ಅಜ್ಜ ಹತ್ತಿರ ನಿಂತು ಕಿವಿಗೊಟ್ಟು ಕೇಳಿ, ಸರಪಳಿ ಎಡಕ್ಕೆ ಸಡಿಲವಿದೆ ಎಂದರು. ಡ್ರೈವರ್ ನೋಡಿದ, ಸಡಿಲವಿತ್ತು. ಆಮೇಲೆ ಮೂವರೂ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತೆವು. ಅಜ್ಜ ಮಾತ್ರ ಕುತ್ತಿಗೆ ಹಿಂದೆ ತಿರುಗಿಸಿಯೇ ಕೂತಿದ್ದರು. "ಎಳೆಯುವವನು ಹಿಂದೆ ನೋಡಬೇಕು. ನೋಡುವವನು ನಾನಾಗಿರಲಿಲ್ಲ. ನಾನು ಕೆಳಗೆ ಒಲೆ ಮುಂದೆ ಇರುತ್ತಿದ್ದೆ" ಎಂದು, ನಕ್ಕು, ನನ್ನ ಮಾತನ್ನೇ ನನಗೆ ತಿರುಗಿಸಿ ಕೇಳಿದರು: "ಹೇಳು, ನಿನ್ನನ್ನು ಎಳೆದ ದಿನ ನೀನು ಏನು ಅಡುಗೆ ಮಾಡಿದ್ದೆ?"

"ಇವತ್ತು ನಾನು ಒಲೆಯನ್ನೇ ಹಚ್ಚಿಲ್ಲ ಅಂಕಲ್."

ಅವರ ನಗು ಅಲ್ಲೇ ನಿಂತಿತು. ಪಾತ್ರೆಯ ಮೇಲಿದ್ದ ಬೆರಳು ಕೊನೆಯ ಸಾಲಿಗೆ ಹೋಗಿ, ಮೂರು ಚುಕ್ಕೆ ದಾಟಿ, ನುಣ್ಣನೆಯ ಜಾಗದಲ್ಲಿ ಕೂತಿತು. "ಒಲೆ ಹಚ್ಚಲಿಲ್ಲ" ಎಂದರು. "ಬಾಯ್ಲರಿನಲ್ಲಿ ಉಗಿ ಇರಲಿಲ್ಲ. ಒಲೆ ಹತ್ತಲಿಲ್ಲ. ಅವತ್ತು ನಾವು ಎಳೆಯಲಿಲ್ಲ. ನಮ್ಮನ್ನೇ ಎಳೆದರು."

ನೋಟ್‌ಬುಕ್ ಕಾರಿನಲ್ಲಿ ಬಿಡದೆ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದು ನನ್ನ ಪುಣ್ಯ. ಟ್ರಕ್ಕಿನ ಕುಲುಕಾಟದಲ್ಲೇ ಬರೆದೆ. ಅಜ್ಜ ಅದನ್ನು ಯಾವತ್ತೂ ಬಾಯಿಬಿಟ್ಟು ಹೇಳಿದವರಲ್ಲ. ಆ ಒಂದು ಚುಕ್ಕೆಗೆ ಬಂದಾಗ ಪ್ರತಿ ವರ್ಷ ಹಗ್ಗದ ಮೇಸ್ತ್ರಿ ಹೇಳುತ್ತಿದ್ದರು, ಅಜ್ಜನ ಬೆರಳು ಸುಮ್ಮನೆ ಕಾಯುತ್ತಿತ್ತು. ಅದಕ್ಕೇ ಅದು ಅವರ ನಾಲಿಗೆಯಲ್ಲಿ ಇರಲಿಲ್ಲ. ಹೇಳಿ ಮುಗಿಸುವ ಹೊತ್ತಿಗೆ ಟ್ರಕ್ ಒಂದು ಸಣ್ಣ ಊರಿನ ಗ್ಯಾರೇಜಿನ ಮುಂದೆ ನಿಂತಿತ್ತು. ಡ್ರೈವರ್ ಎಂಜಿನ್ ಆರಿಸಿ, ಇಳಿಯದೆ, ಸ್ಟಿಯರಿಂಗ್ ಹಿಡಿದುಕೊಂಡೇ ಕೂತಿದ್ದ.

ರಬ್ಬರ್ ಪೈಪು ಬದಲಾಯಿಸಿಕೊಂಡು ಹ್ಯೂಸ್ಟನ್ ಮುಟ್ಟಿದಾಗ ಮಧ್ಯಾಹ್ನ ಎರಡೂವರೆ. ಹಗ್ಗದ ಮೇಸ್ತ್ರಿ ಒಂದು ವೃದ್ಧರ ಆರೈಕೆ ಮನೆಯಲ್ಲಿದ್ದರು. ದೊಡ್ಡ ಮೈಕಟ್ಟು ಈಗ ಹಾಸಿಗೆಯಲ್ಲಿ ಕುಸಿದಿತ್ತು. ಬಲಗೈ ಸತ್ತಿತ್ತು, ಎಡಗೈ ಮಾತ್ರ ಜೀವಂತ. ನನ್ನ ತಲೆಯಷ್ಟು ಅಗಲದ ಅಂಗೈ ಅದು. ಅಜ್ಜ ಅವರ ಎಡಗೈ ಹುಡುಕಿ ಹಿಡಿದುಕೊಂಡರು. ಒಬ್ಬರಿಗೆ ಕಣ್ಣಿಲ್ಲ, ಇನ್ನೊಬ್ಬರಿಗೆ ಮಾತಿಲ್ಲ. ಇಬ್ಬರೂ ಒಬ್ಬರ ಕೈ ಒಬ್ಬರು ಅಲುಗಿಸುತ್ತ ಬಹಳ ಹೊತ್ತು ಇದ್ದರು.

ಆಮೇಲೆ ಪಾತ್ರೆಯನ್ನು ಹಾಸಿಗೆಯ ಮೇಲೆ ಇಟ್ಟೆ. ಹೊಳೆಯುವ ಹಿತ್ತಾಳೆ, ಮರೂನ್ ಚುಕ್ಕೆಗಳು. ಮೇಸ್ತ್ರಿ ಅದನ್ನು ನೋಡಿ, ನನ್ನ ಉಗುರು ನೋಡಿ, ಮತ್ತೆ ಪಾತ್ರೆ ನೋಡಿ, ಬಾಯಿಯ ಎಡತುದಿಯಿಂದ ನಕ್ಕರು. "ಇವಳ ಕೆಲಸ" ಎಂದು ಅಜ್ಜ ದೂರು ಹೇಳಿದರು. ದೂರಿನಲ್ಲಿ ಸಿಟ್ಟಿರಲಿಲ್ಲ.

ಅಜ್ಜ ಶುರು ಮಾಡಿದರು. ಅರ್ಧ ಹಡಗು, ಬೇಯದ ಕಾಳು. ಎಣ್ಣೆ ಹಡಗು. ಈರುಳ್ಳಿ. ಎಲ್ಲಾದರೂ ತಡವರಿಸಿದರೆ ನಾನು ನೋಟ್‌ಬುಕ್ ನೋಡಿ, "ಪೀಚ್ ಹಣ್ಣು, ಅಂಕಲ್" ಎಂದು ಎತ್ತಿಕೊಡುತ್ತಿದ್ದೆ. ಮೇಸ್ತ್ರಿಯ ಕಣ್ಣು ಅವರ ಬೆರಳಿನ ಜೊತೆಯೇ ನಡೆಯುತ್ತಿತ್ತು. ಇಪ್ಪತ್ತೆರಡು ಆಯಿತು. ಅಜ್ಜನ ಬೆರಳು ನಿಂತಿತು. ಆಗ ಮೇಸ್ತ್ರಿ ಎಡಗೈ ಎತ್ತಿ, ಚುಕ್ಕೆಯಿಲ್ಲದ ಆ ನುಣ್ಣನೆಯ ಜಾಗವನ್ನು ತಟ್ಟಿದರು. ಒಂದು ಸಲ, ಎರಡು ಸಲ. ಬಾಯಿ ತೆರೆದರು. ಗಂಟಲಿನಿಂದ ಬರೀ ಗಾಳಿ ಬಂತು. ಮತ್ತೆ ತಟ್ಟಿದರು. ಅವರ ಸರದಿ ಅದು, ಅವರಿಂದ ಆಗುತ್ತಿರಲಿಲ್ಲ.

ಅಜ್ಜ ಹೇಳಲು ಹೋದರು. "ಅವತ್ತು ಬೆಳಿಗ್ಗೆ..." ಎಂದವರು ಮುಂದೆ ಹೋಗಲಾರದೆ ನನ್ನ ಕಡೆ ಮುಖ ತಿರುಗಿಸಿ, "ನೀನು ಓದು" ಎಂದರು.

ನಾನು ನೋಟ್‌ಬುಕ್ ತೆರೆದೆ. ಇಂಗ್ಲಿಷಿಗೆ ತಿರುಗಿಸಿ ಹೇಳಬೇಕು. ಮೊದಲ ಸಾಲು ಹೇಗೋ ಹೇಳಿದೆ. ಎರಡನೆಯದಕ್ಕೆ ಅಳು ಬಂತು, ಇಂಗ್ಲಿಷ್ ಎಂಬುದು ಪೂರ್ತಿ ಹೋಯಿತು. ಆ ದೊಡ್ಡ ಕೈ ತಟ್ಟುತ್ತಲೇ ಇತ್ತು. ಬೇರೆ ದಾರಿ ಕಾಣದೆ, ಬರೆದದ್ದನ್ನು ಬರೆದ ಹಾಗೆಯೇ ಕನ್ನಡದಲ್ಲಿ ಓದಿಬಿಟ್ಟೆ.

ನೀರಿನಲ್ಲಿ ತೇಲುತ್ತಿದ್ದ ಸಿಡಿಗುಂಡು ನಮ್ಮ ಹಡಗಿನ ಹೊಟ್ಟೆಯ ಕೆಳಗೆ ಸಿಡಿಯಿತು ಎಂದು ಓದಿದೆ. ಬಾಯ್ಲರ್ ಒಡೆದು ಎಂಜಿನ್ ಕೋಣೆಯಲ್ಲಿದ್ದ ಮೂವರು ಹೋದರು ಎಂದು ಓದಿದೆ. ಹಗ್ಗದ ಮೇಸ್ತ್ರಿ ತನ್ನ ಸೂಜಿಯಿಂದಲೇ ಅವರನ್ನು ಹಾಯಿಬಟ್ಟೆಯಲ್ಲಿ ಹೊಲಿದ, ಸಂಜೆಯವರೆಗೂ ಹೊಲಿದ, ಯಾರಿಗೂ ಮುಟ್ಟಗೊಡಲಿಲ್ಲ. ನಮ್ಮನ್ನು ಎಳೆಯಲು ಬಂದ ಹಡಗಿನವರು ದೋಣಿಯಲ್ಲಿ ಒಂದು ದೊಡ್ಡ ಪಾತ್ರೆ ಸೂಪು ಕಳಿಸಿದರು. ನಾನು ಅಡುಗೆಯವನು, ಪಾತ್ರೆ ತೊಳೆದು ಖಾಲಿ ಕಳಿಸಿದೆ, ಅದರಲ್ಲಿ ಹಾಕಲು ನನ್ನ ಹತ್ತಿರ ಏನೂ ಇರಲಿಲ್ಲ. ಸಮುದ್ರಕ್ಕೆ ಬಿಡುವಾಗ ಮೇಸ್ತ್ರಿ ಮೂವರ ಹೆಸರು ಹೇಳಿದ.

ಆಮೇಲೆ ಆ ಮೂರು ಹೆಸರು ಓದಿದೆ. ಅವುಗಳನ್ನು ಇಲ್ಲಿ ಬರೆಯುವುದಿಲ್ಲ, ಅವು ನನ್ನವಲ್ಲ. ನಾನು ಕನ್ನಡದಲ್ಲಿ ಓದಿದ್ದರಲ್ಲಿ ಆ ಇಬ್ಬರಿಗೆ ಅರ್ಥವಾದದ್ದು ಆ ಮೂರು ಹೆಸರು ಮಾತ್ರ. ಹೆಸರಿಗೆ ಯಾವ ಭಾಷೆಯೂ ಬೇಕಿರಲಿಲ್ಲ. ಮೊದಲ ಹೆಸರಿಗೆ ಮೇಸ್ತ್ರಿಯ ಕೈ ತಟ್ಟುವುದನ್ನು ನಿಲ್ಲಿಸಿತು. ಎರಡನೆಯದಕ್ಕೆ ಹೆಬ್ಬೆರಳೂ ತೋರುಬೆರಳೂ ಕೂಡಿ, ಸೂಜಿ ಹಿಡಿದ ಹಾಗೆ, ಗಾಳಿಯಲ್ಲಿ ಒಂದು ಹೊಲಿಗೆ ಎಳೆದವು. ಮೂರನೆಯದಕ್ಕೆ ಅಜ್ಜ ಆ ಕೈಯನ್ನು ಹಿಡಿದುಕೊಂಡು, ಜೋರಾಗಿ ಅತ್ತರು. ನಾನೂ ಅತ್ತೆ.

ಬ್ಯಾಗಿನಿಂದ ಸೀಸೆ ತೆಗೆದು ಇಪ್ಪತ್ತಮೂರನೆಯ ಚುಕ್ಕೆ ಇಟ್ಟೆ. ಅದೊಂದು ಸ್ವಲ್ಪ ಸೊಟ್ಟಗಾಯಿತು. ಪಾತ್ರೆಯಲ್ಲಿದ್ದ ಉಂಡಿಯಲ್ಲಿ ಚೂರು ಮುರಿದು ಮೇಸ್ತ್ರಿಯ ನಾಲಿಗೆಗೆ ಸವರಿದೆವು. ಉಳಿದದ್ದನ್ನು ನರ್ಸಮ್ಮಂದಿರು ತಿಂದರು.

ಹಗ್ಗದ ಮೇಸ್ತ್ರಿ ಹತ್ತು ದಿನಕ್ಕೆ ಹೋದರು. ಅಜ್ಜ ಇನ್ನೂ ಎರಡು ವರ್ಷ ಇದ್ದರು. ಅವರ ಮಗಳ ಮಗಳು ಮನೆ ಖಾಲಿ ಮಾಡುವಾಗ ಪಾತ್ರೆಯನ್ನು ತಂದು ನನಗೆ ಕೊಟ್ಟಳು. ಒಳಗೆ ಪೆಕಾನ್ ತುಂಬಿತ್ತು. ಅದು ಅಜ್ಜನದೇ ಅಪ್ಪಣೆಯಂತೆ. ಅವರ ಹಡಗಿನ ಕಥೆ ಏನಾದರೂ ಬರೆದಿಟ್ಟಿದ್ದಾರೆಯೇ ಎಂದು ಕೇಳಿದಳು. ಹುಬ್ಬಳ್ಳಿಯ ಅಕ್ಷರದಲ್ಲಿದ್ದ ನೋಟ್‌ಬುಕ್ ತೋರಿಸಿದೆ. ಅವಳು ನಕ್ಕಳು, ಆಮೇಲೆ ಪುಟಗಳ ಮೇಲೆ ಕೈಯಾಡಿಸಿದಳು. ಒಂದು ತಿಂಗಳು ಕೂತು ಅವಳಿಗೆ ಇಂಗ್ಲಿಷ್ ಮಾಡಿಕೊಟ್ಟೆ.

ಆಮೇಲೆ ನಾವು ಆಸ್ಟಿನ್ ಹತ್ತಿರದ ಲಿಯಾಂಡರ್‌ಗೆ ಶಿಫ್ಟ್ ಆದೆವು. ಪಾತ್ರೆ ಅಡುಗೆಮನೆಯ ಕಟ್ಟೆಯ ಮೇಲಿದೆ, ಅದರಲ್ಲಿ ಸಕ್ಕರೆ. ಹಿತ್ತಾಳೆ ಮತ್ತೆ ಕಪ್ಪಾಗುತ್ತ ಬಂದಿದೆ. ಮೊನ್ನೆ ದೀಪಾವಳಿಗೆ ದೀಪ ತಿಕ್ಕುತ್ತಿದ್ದಾಗ ನಾಲ್ಕು ವರ್ಷದ ಮಗಳು ಅದನ್ನೂ ಎತ್ತಿ ತಂದು, "ಅಮ್ಮಾ, ದಿಸ್ ಒನ್ ಈಸ್ ಸೋ ಡರ್ಟಿ" ಎಂದಳು. ಹುಣಸೆಹಣ್ಣಿನ ಕೈಯನ್ನು ಹಿಂದಕ್ಕೆ ಎಳೆದುಕೊಂಡು, "ಅದನ್ನ ತಿಕ್ಕೂದಿಲ್ಲವಾ" ಎಂದೆ. ಅವಳ ಪುಟ್ಟ ಬೆರಳು ಹಿಡಿದು ಮೊದಲ ಚುಕ್ಕೆಯ ಮೇಲೆ ಇಟ್ಟು, ಅರ್ಧ ಹಡಗಿನಿಂದ ಶುರು ಮಾಡಿದೆ.